ಒಂದು ಕೆಜಿಗೆ ಎಷ್ಟು ಮೀಟರ್

ಆ ಆಸ್ಪತ್ರೆಯಲ್ಲಿ ಆಕೆಯನ್ನು ಎಲ್ಲರೂ ಟೇಪಮ್ಮ ಅಂತಲೇ ಕರೆಯುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ ಕೊರಳಿಗೆ ಬೀಳುತ್ತಿದ್ದ ಅಳತೆಯ ಟೇಪು ಇಳಿಯುತ್ತಿದ್ದದ್ದು ಸಂಜೆ ಐದಕ್ಕೆ. ಒಮ್ಮೊಮ್ಮೆ ಅದನ್ನು ಹಾಕಿಕೊಂಡೇ ಬಸ್ಸು ಹತ್ತಿ, ಎದುರಿಗೆ ಕೂತವರು ಮುಸಿಮುಸಿ ನಕ್ಕ ಮೇಲೆ ಗೊತ್ತಾಗಿ, ಸರಕ್ಕನೆ ಎಳೆದು ಚೀಲಕ್ಕೆ ತುರುಕಿಕೊಂಡದ್ದೂ ಉಂಟು.

ಬಟ್ಟೆ ಒಗೆಯುವ ಶೆಡ್ಡಿಗೂ ಸಿಲಿಂಡರ್ ಕೋಣೆಗೂ ನಡುವೆ ಇದ್ದ ಹೊಲಿಗೆ ಕೋಣೆಗೆ ಆಕೆಯೇ ಮುಖ್ಯಸ್ಥೆ. ಮೂರು ಹೊಲಿಗೆ ಮಿಷನ್ನು, ಕತ್ತರಿಸುವುದಕ್ಕೆ ಒಂದು ಉದ್ದನೆಯ ಮೇಜು, ಬಾಗಿಲು ಸರಿಯಾಗಿ ಮುಚ್ಚದ ಎರಡು ಕಬ್ಬಿಣದ ಬೀರು, ಕೈಕೆಳಗೆ ಇಬ್ಬರು ಹೆಂಗಸರು. ಹಾಸಿಗೆಯ ಮೇಲುಹೊದಿಕೆ, ಆಪರೇಷನ್ ಗೌನು, ಗಾಯಕ್ಕೆ ಕಟ್ಟುವ ಜಾಳಿಗೆ ಬಟ್ಟೆಯ ಪಟ್ಟಿ, ಸ್ಟ್ರೆಚರಿನ ಕ್ಯಾನ್ವಾಸು ಎಲ್ಲ ಅಲ್ಲಿಂದಲೇ ಹೋಗಬೇಕು. ಹನ್ನೆರಡನೆಯ ವಯಸ್ಸಿಗೆ ಚಿಕ್ಕಮ್ಮನ ಮಿಷನ್ನಿನ ಮುಂದೆ ಕೂತವಳು, ಇಲ್ಲಿಗೆ ಬಂದು ಮೂವತ್ತೊಂದು ವರ್ಷ. ಕಣ್ಣಳತೆ ಎಷ್ಟು ಪಕ್ಕಾ ಅಂದರೆ, ಮೇಜಿನ ಮೇಲೆ ಬಟ್ಟೆ ಎಸೆದು "ಎರಡು ಮೀಟರ್ ನಾಲ್ಕು ಬೆರಳು" ಅಂದರೆ ಮುಗಿಯಿತು. ಟೇಪು ಇಟ್ಟು ನೋಡಿದವರು ಸುಮ್ಮನಾಗುತ್ತಿದ್ದರು. ಆದರೂ ಆಕೆ ಟೇಪು ಇಡದೆ ಕತ್ತರಿ ಹಾಕಿದವಳಲ್ಲ. "ಕಣ್ಣು ನಂದು, ಬಟ್ಟೆ ಆಸ್ಪತ್ರೇದು" ಅನ್ನುತ್ತಿದ್ದಳು.

ಗಂಡನದು ತಕ್ಕಡಿ ರಿಪೇರಿ ಕೆಲಸ. ಮಾರುಕಟ್ಟೆಯ ಬೀದಿಯಲ್ಲಿ ಒಂದು ಚಿಕ್ಕ ಅಂಗಡಿ. ತಟ್ಟೆ ತಕ್ಕಡಿ, ಸ್ಪ್ರಿಂಗ್ ತಕ್ಕಡಿ, ಈಚಿನ ಎಲೆಕ್ಟ್ರಾನಿಕ್ ತಕ್ಕಡಿ ಎಲ್ಲಕ್ಕೂ ಅವನೇ ವೈದ್ಯ. ನೆಂಟರಿಷ್ಟರು "ನಿಮ್ಮ ಮನೇಲಿ ತೂಗಿ ಅಳೆದು ಮಾತಾಡಬೇಕಪ್ಪ" ಅಂತ ತಮಾಷೆ ಮಾಡುತ್ತಿದ್ದರು. ಮನೆಯಲ್ಲಿ ಮಾತು ತೂಗುತ್ತಿದ್ದವನು ಅವನೊಬ್ಬನೇ. ಟೇಪಮ್ಮನದು ಕಡ್ಡಿ ಮುರಿದ ಹಾಗೆ ಮಾತು, ಮೂಗಿನ ತುದಿಯಲ್ಲಿ ಸಿಟ್ಟು.

ಆ ವರ್ಷ ಆಸ್ಪತ್ರೆಯ ಮುಖ್ಯ ಉಗ್ರಾಣಕ್ಕೆ ಹೊಸ ಕಂಪ್ಯೂಟರ್ ವ್ಯವಸ್ಥೆ ಬಂತು. ಉಗ್ರಾಣ ಇದ್ದದ್ದು ಎರಡು ಬೀದಿ ಆಚೆಯ ಆಡಳಿತ ಕಟ್ಟಡದಲ್ಲಿ. ಅಲ್ಲಿಯವರು ಹೊಲಿಗೆ ಕೋಣೆಯ ಮುಖ ನೋಡಿದವರಲ್ಲ, ಇಲ್ಲಿಯವರು ಅಲ್ಲಿಗೆ ಹೋಗುತ್ತಿದ್ದದ್ದು ವರ್ಷಕ್ಕೊಮ್ಮೆ. ಹೊಸ ವ್ಯವಸ್ಥೆಯಲ್ಲಿ ಎಲ್ಲ ಸಾಮಾನಿಗೂ ಒಂದೇ ಅಳತೆ ಇರಬೇಕು, ಅದು ಕೆಜಿ ಅಂತ ಯಾರೋ ಮೇಲಿನವರು ತೀರ್ಮಾನ ಮಾಡಿದರು. ಸೋಪಿನ ಪುಡಿಗೆ ಕೆಜಿ, ಹತ್ತಿಗೆ ಕೆಜಿ, ಮೊಳೆಗೆ ಕೆಜಿ. ಸರಿ. ಬಟ್ಟೆಗೂ ಕೆಜಿ.

ಉಗ್ರಾಣದ ಗುಮಾಸ್ತ ಫೋನು ಮಾಡಿದ. ನಲವತ್ತು ದಾಟಿದ, ಮೆದು ದನಿಯ ಮನುಷ್ಯ.

"ಅಮ್ಮಾ, ಒಂದು ಸಣ್ಣ ವಿಷಯ. ಒಂದು ಕೆಜಿಗೆ ಎಷ್ಟು ಮೀಟರ್ ಅಂತ ಹೇಳಿಬಿಡಿ, ಹಾಕ್ಕೊಂಡುಬಿಡ್ತೀನಿ."

"ಯಾವುದರದ್ದು?"

"ಬಟ್ಟೆದು."

"ಯಾವ ಬಟ್ಟೆ ಅಂದೆ."

"ಬಟ್ಟೆ ಅಮ್ಮಾ, ಬಟ್ಟೆ. ನಿಮಗೆ ನಾವು ಕಳಿಸ್ತೀವಲ್ಲ, ಅದು."

ಟೇಪಮ್ಮ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. "ನೋಡಿ ಗುಮಾಸ್ತರೆ, ಜಾಳಿಗೆ ಬಟ್ಟೆ ಬೇರೆ, ಕ್ಯಾನ್ವಾಸು ಬೇರೆ. ಒಂದು ಗಾಳಿಗೆ ಹಾರುತ್ತೆ, ಇನ್ನೊಂದು ಕಾಲ ಮೇಲೆ ಬಿದ್ರೆ ಬೆರಳು ಜಜ್ಜುತ್ತೆ. ಎರಡಕ್ಕೂ ಒಂದೇ ಲೆಕ್ಕ ಹೇಗೆ ಹೇಳ್ಲಿ?"

"ಅದೇನೋ ನಂಗೊತ್ತಿಲ್ಲ, ಇಲ್ಲಿ ಒಂದೇ ಖಾನೆ ಇರೋದು. ಕಿಲೋಮೀಟರಿಗೆ ಸಾವಿರ ಮೀಟರ್ ಇಲ್ವಾ, ಹಂಗೇ ಕಿಲೋಗ್ರಾಮಿಗೂ ಏನೋ ಒಂದು ಇರಬೇಕಲ್ಲ? ಎರಡೂ ಕಿಲೋನೇ."

ಆಕೆಗೆ ನಗು ಬರಬೇಕಿತ್ತು, ಬರಲಿಲ್ಲ. "ಎರಡರಲ್ಲೂ ಕಿಲೋ ಇದೆ ಅಂತ ಎರಡೂ ಒಂದೇ ಆಗುತ್ತೇನ್ರಿ? ಗ್ರಾಮು ಭಾರ, ಮೀಟರು ಉದ್ದ" ಅಂತ ಹೇಳಿ ಫೋನು ಇಟ್ಟಳು.

ಮಾರನೆಯ ದಿನ ಮತ್ತೆ ಫೋನು. ಮೂರನೆಯ ದಿನವೂ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗೆ ಗುಮಾಸ್ತನಿಗೆ ಮೇಲಿನವರು ಕೇಳಿದರು, ಗುಮಾಸ್ತ ಟೇಪಮ್ಮನಿಗೆ ಕೇಳಿದ. ನಾಲ್ಕನೆಯ ದಿನ ಫೋನು ಬಂದಾಗ ಹೆರಿಗೆ ವಾರ್ಡಿಗೆ ಮಧ್ಯಾಹ್ನದೊಳಗೆ ನಲವತ್ತು ಹೊದಿಕೆ ಹೋಗಬೇಕಿತ್ತು. ಆಕೆ ರೇಗಿ, "ಹಾಸಿಗೆ ಬಟ್ಟೆ ಆದ್ರೆ ಸುಮಾರು ಐದು ಮೀಟರ್ ಬರುತ್ತೆ, ಸಾಕಾ?" ಅಂದಳು. ಸಾಕಾಯಿತು. ಒಂದು ವಾರದ ಮೇಲೆ ನಾಲ್ಕು ಹಾಳೆಯ ಪಟ್ಟಿ ಸಹಿಗೆ ಬಂತು. ಅದರ ಮೂರನೆಯ ಹಾಳೆಯಲ್ಲಿ, ಬಕೆಟ್ಟಿಗೂ ಬಲ್ಬಿಗೂ ನಡುವೆ, "ಬಟ್ಟೆ: ಒಂದು ಕೆಜಿ, ಐದು ಮೀಟರ್" ಅಂತಿತ್ತು. ಟೇಪಮ್ಮ ಓದದೆ ಸಹಿ ಹಾಕಿದಳು. ಬದುಕಿನಲ್ಲಿ ಅಳೆಯದೆ ಕತ್ತರಿಸಿದ್ದು ಅದೊಂದೇ.

ಎರಡು ತಿಂಗಳು ಏನೂ ಆಗಲಿಲ್ಲ. ಹಳೆಯ ದಾಸ್ತಾನಿನಲ್ಲೇ ಕೆಲಸ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ವ್ಯಾನು ಬಂದು ನಿಂತಿತು. ಆಕೆ ಕೇಳಿದ್ದು ಆರುನೂರು ಮೀಟರ್ ಜಾಳಿಗೆ ಬಟ್ಟೆ. ಕಂಪ್ಯೂಟರು ಆರುನೂರನ್ನು ಐದರಿಂದ ಭಾಗಿಸಿ ನೂರ ಇಪ್ಪತ್ತು ಕೆಜಿ ತರಿಸಿತ್ತು. ಮೂಟೆಯ ಮೇಲೆ ಮೂಟೆ ಇಳಿಯುತ್ತಲೇ ಇತ್ತು. ಬೀರು ತುಂಬಿತು, ಮೇಜಿನ ಅಡಿ ತುಂಬಿತು, ಕಿಟಕಿಯ ಅರ್ಧದವರೆಗೆ ಏರಿ ಕೋಣೆಯಲ್ಲಿ ಹಗಲೇ ದೀಪ ಹಾಕುವ ಹಾಗಾಯಿತು. ಟೇಪಮ್ಮ ಒಂದು ಮೂಟೆ ಬಿಚ್ಚಿ ಅಳೆದಳು, ಗುಣಿಸಿದಳು. ಐದು ಸಾವಿರದ ಇನ್ನೂರ ಎಂಬತ್ತು ಮೀಟರ್.

"ಅಕ್ಕ, ಅಂದ್ರೆ ಐದು ಕಿಲೋಮೀಟರಿಗಿಂತ ಜಾಸ್ತಿ" ಅಂದಳು ಕೈಕೆಳಗಿನ ಇಬ್ಬರಲ್ಲಿ ಗುಂಡಿ ಹೊಲಿಯುವವಳು. "ಇಲ್ಲಿಂದ ಬಿಚ್ಚುತ್ತಾ ಹೋದ್ರೆ ನಮ್ಮನೆ ದಾಟುತ್ತೆ."

"ನಗಬೇಡ" ಅಂದಳು ಟೇಪಮ್ಮ. ಅದೇ ವ್ಯಾನಿನ ಮೂಲೆಯಲ್ಲಿ ಕ್ಯಾನ್ವಾಸಿನ ಒಂದು ಸುರುಳಿ ಇತ್ತು. ಸುರುಳಿಯಲ್ಲ, ಸುರುಳಿಯ ಮರಿ. ಮೂವತ್ತು ಸ್ಟ್ರೆಚರಿಗೆ ಅರವತ್ತು ಮೀಟರ್ ಕೇಳಿದ್ದಳು. ಬಂದದ್ದು ಹನ್ನೆರಡು ಕೆಜಿ. ಮೇಜಿನ ಮೇಲೆ ಹಾಸಿ ಎರಡು ಸಲ ಅಳೆದಳು: ಇಪ್ಪತ್ತಾರು ಮೀಟರ್ ನಲವತ್ತು ಸೆಂಟಿಮೀಟರ್. ಹದಿಮೂರು ಸ್ಟ್ರೆಚರಿಗೆ ಸಾಕು. ಉಳಿದ ಹದಿನೇಳಕ್ಕೆ?

ಅವತ್ತೇ ಉಗ್ರಾಣಕ್ಕೆ ಕಾಗದ ಬರೆದಳು. ಉತ್ತರವಿಲ್ಲ. ಹದಿನೈದು ದಿನ ಬಿಟ್ಟು ಇನ್ನೊಂದು. ಅದಕ್ಕೆ ಬಂದ ಉತ್ತರ: "ತಮ್ಮ ಬೇಡಿಕೆಯಂತೆ ಅರವತ್ತು ಮೀಟರ್ ಕ್ಯಾನ್ವಾಸ್ ಪೂರೈಸಲಾಗಿದೆ." ಮೂರನೆಯ ಕಾಗದದಲ್ಲಿ ಅಳತೆ, ತೂಕ ಎರಡನ್ನೂ ಬರೆದು ಕೆಳಗೆ ಗೆರೆ ಎಳೆದಳು. ನಾಲ್ಕನೆಯದರಲ್ಲಿ ಕೆಂಪು ಗೆರೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಆ ಹದಿನೇಳು ಸ್ಟ್ರೆಚರುಗಳ ಹಳೆಯ ಕ್ಯಾನ್ವಾಸಿಗೆ ತೇಪೆ ಹಾಕಿ ಕಳಿಸಿದಳು. ತೇಪೆಗೂ ಒಂದು ಮಿತಿ ಇರುತ್ತದೆ. ಒಂದು ಮಧ್ಯಾಹ್ನ ಕಾಲು ಮುರಿದ ವಯಸ್ಸಾದ ಹೆಂಗಸೊಬ್ಬರನ್ನು ಎಕ್ಸ್‌ರೇ ಕೋಣೆಯಿಂದ ತರುವಾಗ ಕ್ಯಾನ್ವಾಸು ನಡುವೆಯೇ ಪರ್ರನೆ ಹರಿಯಿತು. ಹೊತ್ತವರಲ್ಲಿ ಒಬ್ಬ, ಎಲ್ಲರೂ ಸ್ಟ್ರೆಚರಣ್ಣ ಅನ್ನುವವನು, ತಕ್ಷಣ ಮೊಣಕಾಲು ಕೊಟ್ಟು ತಡೆದ. ಅಜ್ಜಿಗೆ ಪೆಟ್ಟಾಗಲಿಲ್ಲ, ಆದರೆ ಹೆದರಿ ಕಿರುಚಿದ್ದು ಮೂರು ವಾರ್ಡಿಗೆ ಕೇಳಿಸಿತು. ಸ್ಟ್ರೆಚರಣ್ಣ ಹರಿದ ಬಟ್ಟೆಯನ್ನು ಹೊಲಿಗೆ ಕೋಣೆಯ ಮೇಜಿನ ಮೇಲೆ ತಂದು ಎಸೆದ.

"ನೀವೇ ಮಲಗಿ ನೋಡಿ ಇದರ ಮೇಲೆ" ಅಂದ.

ಟೇಪಮ್ಮ ಹರಿದ ಅಂಚನ್ನು ಬೆರಳಲ್ಲಿ ಹಿಡಿದು ಕೂತಳು. ದಾರ ಕೊಳೆತಿರಲಿಲ್ಲ, ಹೊಲಿಗೆ ಬಿಟ್ಟಿರಲಿಲ್ಲ. ಬಟ್ಟೆಯೇ ಮುಗಿದುಹೋಗಿತ್ತು.

ವಿಚಾರಣೆ ಶುರುವಾಯಿತು. ಉಗ್ರಾಣದ ಅಧಿಕಾರಿ ಕಂಪ್ಯೂಟರ್ ನೋಡಿದರು. ಅರವತ್ತು ಮೀಟರ್ ಕೊಟ್ಟಿದೆ, ಹದಿಮೂರು ಸ್ಟ್ರೆಚರಿಗೆ ಮಾತ್ರ ಹೊಸ ಬಟ್ಟೆ ಬಿದ್ದಿದೆ, ಹೊಲಿಗೆ ಕೋಣೆಯ ಪುಸ್ತಕದಲ್ಲಿರುವುದು ಇಪ್ಪತ್ತಾರು ಮೀಟರ್ ನಲವತ್ತು ಸೆಂಟಿಮೀಟರ್. ಟೇಪಮ್ಮನ ಕೈಗೆ ಕಾರಣ ಕೇಳುವ ನೋಟಿಸು ಬಂತು: "ಮೂವತ್ತಮೂರು ಮೀಟರ್ ಅರವತ್ತು ಸೆಂಟಿಮೀಟರ್ ಕ್ಯಾನ್ವಾಸ್ ಎಲ್ಲಿ ಹೋಯಿತು ಎಂಬುದಕ್ಕೆ ವಿವರಣೆ ನೀಡತಕ್ಕದ್ದು."

ಅದನ್ನು ಆಕೆ ನಿಂತೇ ಓದಿದಳು. ಕತ್ತರಿಸಿ ಉಳಿದ ಚೂರನ್ನೂ ಕೂಡಿಟ್ಟು, ಅಂಗೈಯಗಲದ ತುಂಡಿನಲ್ಲಿ ಸೂಜಿ ದಿಂಬು ಮಾಡಿಸುತ್ತಿದ್ದವಳು. ಮೂವತ್ತೊಂದು ವರ್ಷಕ್ಕೆ ಕಳ್ಳಿ ಅನ್ನಿಸಿಕೊಂಡಳು. ನೋಟಿಸು ಮಡಿಸಿ ಚೀಲಕ್ಕೆ ಹಾಕಿ ನೇರ ಆಡಳಿತ ಕಟ್ಟಡಕ್ಕೆ ನಡೆದಳು.

ಅಧಿಕಾರಿ ಕೂರಿಸಿ ಮಾತಾಡಿಸಿದರು. ಚಿಕ್ಕ ವಯಸ್ಸು, ಇಸ್ತ್ರಿ ಅಂಗಿ, ಯಾರ ಮನಸ್ಸನ್ನೂ ನೋಯಿಸದ ದನಿ. ಅದೇ ಆಕೆಗೆ ಹೆಚ್ಚು ಉರಿಯಿತು. ಜಗಳಕ್ಕೂ ಆ ಮನುಷ್ಯ ಸಿಗುವವನಲ್ಲ.

"ಕೆಜಿಗೆ ಐದು ಮೀಟರ್ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲಮ್ಮ. ಇಲ್ಲಿದೆ ನೋಡಿ, ನಿಮ್ಮ ಸಹಿ."

"ಅದು ಹಾಸಿಗೆ ಬಟ್ಟೆಗೆ ಸಾರ್."

"ಹಾಗಂತ ಇದರಲ್ಲಿ ಇಲ್ಲ."

"ಕ್ಯಾನ್ವಾಸು ಐದು ಬರಲ್ಲ ಸಾರ್. ಕೆಜಿಗೆ ಎರಡೂಕಾಲು ಬಂದ್ರೆ ಹೆಚ್ಚು."

"ಕೆಜಿ ಅಂದ್ರೆ ಕೆಜಿ ಅಲ್ವಾಮ್ಮ? ಅದು ಬಟ್ಟೆಯಿಂದ ಬಟ್ಟೆಗೆ ಬದಲಾಗುತ್ತಾ?"

"ಕೆಜಿ ಬದಲಾಗಲ್ಲ ಸಾರ್. ಮೀಟರೂ ಬದಲಾಗಲ್ಲ. ಬದಲಾಗೋದು ಬಟ್ಟೆ." ಆಕೆಯ ದನಿ ಏರಿತು. "ಹೋಗ್ಲಿ, ಜಾಳಿಗೆ ಬಟ್ಟೆ ನೋಡಿ. ನಿಮ್ಮ ಕಂಪ್ಯೂಟರು ಆರುನೂರು ಮೀಟರ್ ಅನ್ನುತ್ತೆ, ನನ್ನ ಕೋಣೇಲಿ ಐದು ಸಾವಿರ ಚಿಲ್ಲರೆ ಬಿದ್ದಿದೆ. ಕದಿಯೋಳ ಮನೇಲಿ ಮಾಲು ಹೆಚ್ಚಾಗುತ್ತಾ ಸಾರ್?"

"ಹೆಚ್ಚುವರಿಗೆ ಬೇರೆ ಫಾರಂ ಇದೆ" ಅಂದರು ಅಧಿಕಾರಿ, ಪಾಪ, ನಿಜವಾಗಿಯೂ ಸಹಾಯ ಮಾಡುವ ದನಿಯಲ್ಲಿ. "ಅದನ್ನ ತುಂಬಿ ಕೊಡಿ. ಕೊರತೆ ವಿಷಯ ಬುಧವಾರ ಸಮಿತಿ ಮುಂದೆ ಬರುತ್ತೆ."

ಸಂಜೆ ಮನೆಗೆ ಬಂದವಳು ಚೀಲವನ್ನು ಮೂಲೆಗೆ ಎಸೆದಳು. ಗಂಡ ನೆಲದ ಮೇಲೆ ಕೂತು ಒಂದು ಸ್ಪ್ರಿಂಗ್ ತಕ್ಕಡಿಯ ಹೊಟ್ಟೆ ಬಿಚ್ಚಿಕೊಂಡಿದ್ದ.

"ರೀ, ನನ್ನ ಎತ್ತರ ಐದಡಿ. ಹಾಗಾದ್ರೆ ನನ್ನ ತೂಕ ಎಷ್ಟು ಹೇಳಿ."

"ಇದೇನೇ ಇದು, ಬಂದ ತಕ್ಷಣ? ಆ ಪ್ರಶ್ನೆಗೆ ಬುದ್ಧಿ ಇರೋ ಗಂಡ ಉತ್ತರ ಕೊಡಲ್ಲ."

"ತಮಾಷೆ ಬೇಡ. ಹೇಳಿ."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ಎತ್ತರದಿಂದ ತೂಕ ಹೇಗೆ ಹೇಳೋಕಾಗುತ್ತೆ? ನಮ್ಮ ಮೈದುನನ ಎತ್ತರವೂ ಐದಡಿ, ನಿನ್ನ ಎರಡರಷ್ಟಿದ್ದಾನೆ."

ಆಗ ಆಕೆ ಎಲ್ಲ ಹೇಳಿದಳು. ಫೋನು, ಸಹಿ, ಹರಿದ ಸ್ಟ್ರೆಚರು, ನೋಟಿಸು. ಸಹಿಯ ವಿಷಯ ಹೇಳುವಾಗ ಮಾತ್ರ ದನಿ ಸಣ್ಣದಾಯಿತು. "ಓದಲಿಲ್ಲ ರೀ ನಾನು. ನನ್ನ ಕೈಯಾರೆ ಬರೆದುಕೊಟ್ಟೆ."

ಗಂಡ ಬಿಚ್ಚಿದ್ದ ತಕ್ಕಡಿಯನ್ನು ತೋರಿಸಿ ಹೇಳಿದ: "ತಕ್ಕಡಿ ಹೇಳೋದು ಭಾರ ಎಷ್ಟು ಅಂತ ಮಾತ್ರ. ಉದ್ದ ಎಷ್ಟು ಅಂತ ಅದಕ್ಕೇನು ಗೊತ್ತು? ಯಾವ ಬಟ್ಟೆ, ಎಷ್ಟು ಅಗಲ, ಒಂದು ಮೀಟರ್ ಎಷ್ಟು ತೂಗುತ್ತೆ ಅಂತ ಮೊದಲು ತಿಳ್ಕೊಂಡ್ರೆ, ಆ ಬಟ್ಟೆ ಮಟ್ಟಿಗೆ ಲೆಕ್ಕ ಹಾಕಬಹುದು. ಬೇರೆ ಬಟ್ಟೆಗೆ ಮತ್ತೆ ಮೊದಲಿಂದ. ಇದನ್ನ ಅವರಿಗೆ ಹೇಳು."

"ನಾಲ್ಕು ಕಾಗದದಲ್ಲಿ ಅದನ್ನೇ ಹೇಳಿದ್ದೀನಿ!"

"ಕಾಗದ ಬೇಡ ಹಾಗಾದ್ರೆ" ಅಂದ ಅವನು. "ಬಟ್ಟೆನೇ ಹೊತ್ಕೊಂಡು ಹೋಗು. ನಾಳೆ ಅಂಗಡಿಗೆ ತಾ, ತೂಗಿಕೊಡ್ತೀನಿ."

ಹಾಗೆ ಮೂರು ಬಟ್ಟೆ ತೂಗಿಸಿದಳು. ಜಾಳಿಗೆ, ಹಾಸಿಗೆ ಬಟ್ಟೆ, ಕ್ಯಾನ್ವಾಸು, ಒಂದೊಂದೂ ಸರಿಯಾಗಿ ಒಂದು ಕೆಜಿ. ಕ್ಯಾನ್ವಾಸಿಗೆ ಕೊನೆಯ ಹೊಸ ಸ್ಟ್ರೆಚರಿನದನ್ನೇ ಬಿಚ್ಚಿ ತಂದಿದ್ದಳು, ಉಳಿದ ನಲವತ್ತು ಸೆಂಟಿಮೀಟರನ್ನೂ ಕತ್ತರಿಸದೆ ಅದಕ್ಕೇ ಬಿಟ್ಟಿದ್ದಳು. ಅದರಲ್ಲಿ ಒಂದು ಗೇಣು ಹೆಚ್ಚಾದದ್ದನ್ನು ಗಂಡ ಕತ್ತರಿಸಲು ಹೊರಟಾಗ "ಆಸ್ಪತ್ರೆ ಬಟ್ಟೆಗೆ ಕೈ ಹಾಕಬೇಡಿ" ಅಂತ ಗದರಿ, ತಾನೇ ಟೇಪು ಇಟ್ಟು ಕತ್ತರಿಸಿ ಚೂರನ್ನು ಚೀಲಕ್ಕೆ ಹಾಕಿಕೊಂಡಳು.

ಬುಧವಾರ ಸಮಿತಿ ಸೇರಿದ್ದು ಆಡಳಿತ ಕಟ್ಟಡದ ಮೊದಲ ಮಹಡಿಯಲ್ಲಿ. ಅಧಿಕಾರಿ, ಮುಖ್ಯ ನರ್ಸು, ಒಬ್ಬ ಹಿರಿಯ ವೈದ್ಯರು, ಬಾಗಿಲ ಬಳಿ ಫೈಲು ಹಿಡಿದ ಗುಮಾಸ್ತ. ಟೇಪಮ್ಮ ಕೂರಲಿಲ್ಲ. ಮೂರು ಕಟ್ಟುಗಳನ್ನು ಮೇಜಿನ ಮೇಲಿಟ್ಟಳು.

"ಮೂರೂ ಒಂದೊಂದು ಕೆಜಿ. ಅನುಮಾನ ಇದ್ರೆ ತೂಗಿಸಿ."

ಗುಮಾಸ್ತ ಅಂಚೆ ತಕ್ಕಡಿ ತಂದು ತೂಗಿದ. ಸರಿ ಇತ್ತು.

ಆಕೆ ಕ್ಯಾನ್ವಾಸು ಬಿಚ್ಚಿದಳು. ಮೇಜಿನ ಈ ತುದಿಯಿಂದ ಆ ತುದಿ ಮುಟ್ಟಿತು, ಮುಗಿಯಿತು. ಹಾಸಿಗೆ ಬಟ್ಟೆಯನ್ನು ನೆಲಕ್ಕೆ ಹಾಸಿದಳು, ಗೋಡೆಯಿಂದ ಬಾಗಿಲವರೆಗೆ. ಆಮೇಲೆ ಜಾಳಿಗೆ ಬಟ್ಟೆಯ ತುದಿಯನ್ನು ಅಧಿಕಾರಿಯ ಕೈಗೆ ಕೊಟ್ಟು "ಗಟ್ಟಿಯಾಗಿ ಹಿಡ್ಕೊಳಿ ಸಾರ್" ಅಂದು, ಸುರುಳಿ ಬಿಚ್ಚುತ್ತಾ ಬಾಗಿಲು ದಾಟಿದಳು. ಪಡಸಾಲೆಯಲ್ಲಿ ಹೋದಳು. ಲೆಕ್ಕಪತ್ರ ವಿಭಾಗದವರು ತಲೆ ಎತ್ತಿದರು. ನೀರಿನ ಫಿಲ್ಟರ್ ದಾಟಿತು, ಪಡಸಾಲೆ ಮುಗಿಯಿತು, ಸುರುಳಿ ಇನ್ನೂ ದಪ್ಪಗೇ ಇತ್ತು. ಮೆಟ್ಟಿಲಿಳಿದಳು. ಕೆಳಗೆ ಕಾವಲುಗಾರ ಎದ್ದು ನಿಂತು "ಏನಮ್ಮಾ, ಯಾರಿಗೆ ಗಾಯ?" ಅಂತ ಕೇಳಿದ. ಹೊರಬಾಗಿಲ ಹೊಸಿಲ ಹತ್ತಿರ ಬಟ್ಟೆ ಮುಗಿಯಿತು.

ಏದುಸಿರು ಬಿಡುತ್ತಾ ಮೇಲೆ ಬಂದಾಗ ಅಧಿಕಾರಿ ತುದಿ ಹಿಡಿದುಕೊಂಡೇ ನಿಂತಿದ್ದರು.

"ನಲವತ್ತನಾಲ್ಕು ಮೀಟರ್" ಅಂದಳು ಟೇಪಮ್ಮ. "ಅದೂ ಒಂದು ಕೆಜಿ. ಇದು ಎರಡು ಮೀಟರ್ ಇಪ್ಪತ್ತು. ಇದೂ ಒಂದು ಕೆಜಿ. ಈಗ ಹೇಳಿ, ಒಂದು ಕೆಜಿಗೆ ಎಷ್ಟು ಮೀಟರ್?"

ಹಿರಿಯ ವೈದ್ಯರು ಕ್ಯಾನ್ವಾಸನ್ನು ಬೆರಳಲ್ಲಿ ಹಿಸುಕಿ ನೋಡಿ, "ಇಷ್ಟು ಸರಳ ವಿಷಯ" ಅಂದರು. ಅಧಿಕಾರಿಯ ಮುಖ ಕೆಂಪಾಗಿತ್ತು. ಆತ ನಿಧಾನವಾಗಿ ಹೇಳಿದರು: "ಇದನ್ನ ಮೊದಲೇ ಹೇಳಬಾರದಿತ್ತಾ ಅಮ್ಮ?"

ಟೇಪಮ್ಮನ ಬಾಯಿಗೆ ಬಂದ ಮಾತುಗಳನ್ನು ಬರೆಯುವ ಹಾಗಿಲ್ಲ. ಆಕೆ ಅವನ್ನು ಆಡಲೂ ಇಲ್ಲ. ನಾಲ್ಕು ಕಾಗದದ ನಕಲುಗಳನ್ನು ತೆಗೆದು ಒಂದರ ಮೇಲೊಂದು ಮೇಜಿನ ಮೇಲಿಟ್ಟಳು, ಕೆಂಪು ಗೆರೆಯದು ಮೇಲೆ ಬರುವ ಹಾಗೆ. ಗುಮಾಸ್ತ ನೆಲ ನೋಡಿದ.

ನೋಟಿಸು ವಾಪಸು ಅಂದರು, ಬಾಯಿಮಾತಲ್ಲಿ. "ಬರವಣಿಗೇಲಿ ಕೊಡಿ" ಅಂದಳು ಆಕೆ. ಕೊಡುತ್ತೇವೆ ಅಂದರು. ಆ ವಾರವೇ ಕ್ಯಾನ್ವಾಸು ಬಂತು, ಅದೊಂದು ಸಮಾಧಾನ. ಹದಿನೇಳು ಸ್ಟ್ರೆಚರನ್ನೂ ಮೂರೇ ದಿನದಲ್ಲಿ ಮುಗಿಸಿ ಕಳಿಸಿದಳು. ಸ್ಟ್ರೆಚರಣ್ಣ ಕ್ಷಮೆ ಕೇಳಲಿಲ್ಲ; ಬದಲಿಗೆ ಒಂದೊಂದರ ಮೇಲೂ ತಾನೇ ಮಲಗಿ, "ಗಟ್ಟಿ ಇದೆ" ಅಂತ ಹೇಳಿ ಹೊತ್ತುಕೊಂಡು ಹೋದ.

ಬಟ್ಟೆಯನ್ನು ಮತ್ತೆ ಮೀಟರಿಗೇ ತನ್ನಿ ಅಂತ ಆಕೆ ಕೇಳಿದ್ದಳು. ಅದು ಆಗಲಿಲ್ಲ, ವ್ಯವಸ್ಥೆ ಕೆಜಿ ಬಿಟ್ಟು ಬೇರೆ ಒಪ್ಪುವುದಿಲ್ಲವಂತೆ. ಬದಲಿಗೆ ಪ್ರತಿ ಬಟ್ಟೆಗೂ ಒಂದು ಬೇರೆ ಖಾನೆ ಮಾಡಿಕೊಟ್ಟರು. ನಲವತ್ತೊಂದು ಬಗೆಯ ಬಟ್ಟೆ, ನಲವತ್ತೊಂದು ಖಾನೆ. ತುಂಬುವ ಕೆಲಸ ಟೇಪಮ್ಮನದು. ಗಂಡನಿಂದ ಒಂದು ತಕ್ಕಡಿ ತಂದು ಮೇಜಿನ ತುದಿಗಿಟ್ಟು, ಒಂದೊಂದನ್ನೂ ಅಳೆದು ತೂಗಿ ತುಂಬಿದಳು. ಆರು ತಿಂಗಳಲ್ಲಿ ಹಾಸಿಗೆ ಬಟ್ಟೆ ಬೇರೆ ಗಿರಣಿಯಿಂದ ಬಂತು. ಅದೇ ಹೆಸರು, ಅದೇ ಬಿಳುಪು, ನೇಯ್ಗೆ ಮಾತ್ರ ತೆಳು. ಕೆಜಿಗೆ ಐದು ಬರುವ ಕಡೆ ಆರು ಬಂತು. ಮತ್ತೆ ಫೋನು ಎತ್ತಿದಳು.

"ಗುಮಾಸ್ತರೆ, ಹಾಸಿಗೆ ಬಟ್ಟೆ ಲೆಕ್ಕ ಬದಲಾಯಿಸಬೇಕು."

"ಅಯ್ಯೋ, ಅದು ಫಿಕ್ಸ್ ಆಗೋಗಿದೆ ಅಮ್ಮಾ" ಅಂದ ಅವನು. ಸ್ವಲ್ಪ ತಡೆದು ಕೇಳಿದ: "ಬಟ್ಟೆ ಬದಲಾಯ್ತಾ?"

ಆ ಪ್ರಶ್ನೆ ಕೇಳಿ ಆಕೆ ಒಂದು ಕ್ಷಣ ಫೋನನ್ನೇ ನೋಡಿದಳು. ಒಂದು ವರ್ಷಕ್ಕೆ ಅವನು ಕೇಳಿದ ಮೊದಲ ಸರಿಯಾದ ಪ್ರಶ್ನೆ ಅದು. "ಹೌದು, ಬಟ್ಟೆ ಬದಲಾಯ್ತು" ಅಂದಳು. ಅವನು ಯಾರನ್ನೋ ಕಾಡಿ ಬೇಡಿ ಹತ್ತು ದಿನದಲ್ಲಿ ಸರಿ ಮಾಡಿಸಿದ.

ನೋಟಿಸು ರದ್ದಾದ ಪತ್ರ ಬರಲು ಎಂಟು ತಿಂಗಳು ಹಿಡಿಯಿತು. ಅದರಲ್ಲಿ "ಮೂವತ್ತಮೂರು ಕೆಜಿ ಅರವತ್ತು ಗ್ರಾಂ ಕ್ಯಾನ್ವಾಸ್ ಕೊರತೆಯ ಆರೋಪದಿಂದ ತಮ್ಮನ್ನು ಮುಕ್ತಗೊಳಿಸಲಾಗಿದೆ" ಅಂತಿತ್ತು. ಟೇಪಮ್ಮ ಎರಡು ಸಲ ಓದಿದಳು. ಮಿಷನ್ನಿನ ಮುಂದೆ ಕೂತಿದ್ದ ಗುಂಡಿ ಹೊಲಿಯುವವಳು, "ಬಿಡಿ ಅಕ್ಕ, ಬಿಡುಗಡೆ ಆಯ್ತಲ್ಲ, ಸಾಕು" ಅಂದಳು.

"ಸಾಕಾಗಲ್ಲ" ಅಂದಳು ಟೇಪಮ್ಮ. "ನಾನು ಮೂವತ್ತಮೂರು ಕೆಜಿ ಕದ್ದಿಲ್ಲ, ಮೂವತ್ತಮೂರು ಮೀಟರೂ ಕದ್ದಿಲ್ಲ. ಯಾವುದನ್ನ ಕದ್ದಿಲ್ಲ ಅಂತಾದ್ರೂ ಸರಿಯಾಗಿ ಬರೀಲಿ."

ತಪ್ಪಿನ ಕೆಳಗೆ ಗೆರೆ ಎಳೆದು, ಪತ್ರವನ್ನು ಅದೇ ಲಕೋಟೆಗೆ ಹಾಕಿ, ಊಟದ ಬಿಡುವಿನಲ್ಲಿ ತಾನೇ ಎರಡು ಬೀದಿ ನಡೆದು ಕೊಟ್ಟು ಬಂದಳು.